ಮೀನುಗಳ ಕುಲ ಕೇಳುವ ನಮ್ಮ ಮಾವ

ನಮ್ಮ ಮಾವನವರು ಮೀನುಗಳ ಕುಲ ಕೇಳುತ್ತಾರೆ. ನಗಬೇಡಿ, ನಿಜವಾಗಿಯೂ ಕೇಳುತ್ತಾರೆ! ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದಿದೆ. ಅಲ್ಲಿಗೆ ಬಂದವರೆಲ್ಲ "ಇದು ಎಷ್ಟು?" ಎಂದು ಕೇಳಿದರೆ, ನಮ್ಮ ಮಾವ ಗಾಜಿಗೆ ಮೂಗು ಒತ್ತಿ "ಇವರು ಯಾವ ಕುಲ?" ಎನ್ನುತ್ತಾರೆ. ಮೀನಿಗೂ ಬಹುವಚನ! ಇದನ್ನೆಲ್ಲ ನಾನು ಇಷ್ಟು ಧೈರ್ಯವಾಗಿ ಬರೆಯಲು ಕಾರಣ, ಅವರಿಗೆ ಕನ್ನಡ ಓದಲು ಬರುವುದಿಲ್ಲ. ತಲೆಮಾರುಗಳಿಂದ ಮನೆಯಲ್ಲಿ ಆಡುವುದು ಕನ್ನಡವೇ, ಕಲಿತ ಅಕ್ಷರ ಮಾತ್ರ ತಮಿಳಿನದು. ಕೊಯಮತ್ತೂರಿನ ಹತ್ತಿರದ ಅವಿನಾಶಿಯ ನಮ್ಮ ಮನೆಯಲ್ಲಿ ಕನ್ನಡ ಓದುವವಳು ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ನಾನೊಬ್ಬಳೇ. ಇಂಥ ಅನುಕೂಲ ಎಷ್ಟು ಸೊಸೆಯರಿಗೆ ಉಂಟು ಹೇಳಿ!

ಮಾವನಿಗೆ ಮನೆಯ ಪಕ್ಕದಲ್ಲೇ ಆರು ಪವರ್‌ಲೂಮ್‌ಗಳಿವೆ. ಆದರೆ ಅವರ ನಿಜವಾದ ಉದ್ಯೋಗ ಸಂಬಂಧ ಕೂಡಿಸುವುದು. ಈ ಕಡೆಯ ಕನ್ನಡದ ನೇಕಾರರ ಮನೆಗಳಲ್ಲಿ ಗಂಡು ಹೆಣ್ಣು ಬೆಳೆದು ನಿಂತರೆ ಮೊದಲು ಮಾವನಿಗೆ ಫೋನು ಬರುತ್ತದೆ. ಒಂದೇ ಕುಲದವರು ಅಣ್ಣತಮ್ಮಂದಿರ ಲೆಕ್ಕ, ತಮಿಳಿನಲ್ಲಿ ಪಂಗಾಳಿಗಳು. ಅವರೊಳಗೆ ಹೆಣ್ಣು ಕೊಟ್ಟು ತರುವ ಹಾಗಿಲ್ಲ. ಬೇರೆ ಕುಲವಾದರೆ ಮಾತು ಮುಂದುವರಿಸಬಹುದು. ಯಾರ ಮನೆ ಯಾವ ಕುಲ, ಯಾರ ಅಜ್ಜಿ ಯಾರ ಮನೆಯಿಂದ ಬಂದವಳು, ಎಲ್ಲ ಇವರ ನಾಲಿಗೆಯ ತುದಿಯಲ್ಲಿದೆ. ಸ್ವಂತ ಕನ್ನಡಕ ಎಲ್ಲಿಟ್ಟೆ ಎನ್ನುವುದು ಮಾತ್ರ ನೆನಪಿರುವುದಿಲ್ಲ.

ನನ್ನನ್ನು ಈ ಮನೆಗೆ ತಂದವರೂ ಅವರೇ. ನನ್ನ ಗಂಡನ ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಎಂಟು ವರ್ಷದ ಮಗಳಿದ್ದಾಳೆ, ನಿಲಾ. ನನಗೂ ಮೂವತ್ತಾರು ದಾಟಿತ್ತು. ಮಾವ ಬಂದು ನೋಡಿದರು, ಕುಲ ಕೇಳಿದರು, ನಾನು ಮಾಡಿದ ಉಪ್ಪಿಟ್ಟು ತಿಂದು "ಪರವಾಯಿಲ್ಲೆ" ಎಂದರು. ಮದುವೆ ಆಯಿತು. ಗಂಡನಿಗೂ ನನಗೂ ಚೆನ್ನಾಗಿಯೇ ಹೊಂದಿತು. ಹೊಂದದೆ ಉಳಿದದ್ದು ಒಂದೇ, ನಿಲಾ ಮತ್ತು ನಾನು.

ಜಗಳ ಮಾಡುವ ಮಗುವಲ್ಲ ಅದು. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ನನ್ನೊಂದಿಗೆ ಮಾತೇ ಆಡುತ್ತಿರಲಿಲ್ಲ. ಊಟಕ್ಕೆ ಕೂತರೆ ಸಾಂಬಾರಿನ ಪಾತ್ರೆ ನನ್ನ ಕೈಯಲ್ಲೇ ಇರುತ್ತಿತ್ತು. ಅವಳು ಮಾತ್ರ, "ತಾತಾ, ಸಾಂಬಾರ್ ಬೇಕು ಅಂತ ಹೇಳಿ" ಎನ್ನುವಳು. ಮಾವ ನನ್ನ ಕಡೆ ತಿರುಗಿ, "ಸಾಂಬಾರ್ ಬೇಕಂತಮ್ಮಾ" ಎನ್ನುವರು. "ಬಿಸಿ ಇದೆ, ಹುಷಾರು ಅಂತ ಹೇಳಿ ಮಾವ" ಎಂದು ನಾನು. "ಬಿಸಿ ಇದೆಯಂತೆ ಕಣ್ಣು" ಎಂದು ಅವರು ಮೊಮ್ಮಗಳಿಗೆ ಮುದ್ದಿನಿಂದ. ಹೀಗೆ ಒಂದು ಊಟ ಮುಗಿಯುವಷ್ಟರಲ್ಲಿ ಮಾವನ ಅನ್ನ ಆರಿ ತಣ್ಣಗಾಗಿರುತ್ತಿತ್ತು. ಊರಿಗೆಲ್ಲ ಸಂಬಂಧ ಕೂಡಿಸಿದವರಿಗೆ ಇದಕ್ಕಿಂತ ಅವಮಾನ ಬೇಕೆ?

ಮೂರನೇ ತಿಂಗಳು ಅವರು ಮೂರಡಿ ಉದ್ದದ ಗಾಜಿನ ಮೀನು ತೊಟ್ಟಿ ತಂದು ಹಾಲಿನಲ್ಲಿ ಇಟ್ಟರು.

"ಯಾಕೆ ಮಾವ ಇದು?" ಎಂದೆ.

"ಮಗು ಮೀನ್ ನೋಡ್ಕೊಂಡು ಈ ಕಡೆ ಕೂತ್ಕೊಳ್ತದೆ. ನೀನು ಆ ಕಡೆ ಕೂತ್ಕೋ. ನಡುವೆ ಮೀನ್ ಇರ್ತದೆ. ಒಂದು ದಿನ ಮಾತು ಬಾರದೆ ಎಲ್ಲಿ ಹೋಗ್ತದೆ?"

ಉಪಾಯವೇನೋ ಚೆನ್ನಾಗಿತ್ತು. ಮೀನುಗಳು ಬದುಕಿದ್ದರೆ!

ನೀರು ತುಂಬಿಸಿ, ಫಿಲ್ಟರ್ ಹಾಕಿ, ವಾರಗಟ್ಟಲೆ ಬರೀ ನೀರನ್ನೇ ನೋಡುತ್ತಾ ಕೂತೆವು. ಅಷ್ಟು ದಿನ ಕಾಯಬೇಕು ಎಂದು ಅಂಗಡಿಯವನು ಹೇಳಿದ್ದ. ಆಮೇಲೆ ಮಾವ ಹೋಗಿ ಎರಡು ಗಂಡು ಫೈಟರ್ ಮೀನು ತಂದರು. ಒಂದು ನೀಲಿ, ಒಂದು ಕೆಂಪು, ಬೇರೆ ಬೇರೆ ಕವರಿನಲ್ಲಿ.

"ಮಾವ, ಹೆಸರೇ ಫೈಟರ್ ಅಂತಿದೆಯಲ್ಲ?"

"ಹೆಸರು ನೋಡಬಾರದಮ್ಮಾ. ನಮ್ಮ ಬೀದಿ ಕೊನೆಮನೆ ಶಾಂತಿ ಬಾಯಿ ತೆಗೆದರೆ ಲೂಮ್ ಶಬ್ದ ಕೇಳಿಸ್ತದಾ? ಇವೆರಡೂ ಒಂದೇ ಕುಲ. ಪಂಗಾಳಿಗಳು. ಒಂದೇ ಮನೇಲಿ ಒತ್ತುಮೆಯಾಗಿ ಇರ್ತಾರೆ."

ಕವರು ಬಿಚ್ಚಿ ಎರಡನ್ನೂ ತೊಟ್ಟಿಗೆ ಬಿಟ್ಟರು. ಅಬ್ಬಬ್ಬಾ, ಆ ಒಗ್ಗಟ್ಟನ್ನು ಏನೆಂದು ಹೇಳಲಿ! ಎರಡೂ ರೆಕ್ಕೆ ಕೆದರಿ, ಕಿವಿರು ಉಬ್ಬಿಸಿ, ಎದುರೆದುರು ನಿಂತು ಹರಿದುಕೊಳ್ಳಲು ಶುರುಮಾಡಿದವು. ನಿಲಾ ಕಿರುಚಿದಳು. ಮಾವ ತೊಟ್ಟಿಯ ಮುಂದೆ ನಿಂತು, "ಬೇಡಾಂಗ, ಬೇಡಾಂಗ, ಅಣ್ಣತಮ್ಮ ನೀವು" ಎಂದು ಮೀನುಗಳಿಗೆ ಪಂಚಾಯಿತಿ ಮಾಡುತ್ತಿದ್ದರು. ನಾನು ಅಡುಗೆಮನೆಯಿಂದ ಟೀ ಸೋಸುವ ಜರಡಿ ತಂದು ಕೆಂಪನೆಯದನ್ನು ಎತ್ತಿ ಖಾಲಿ ಉಪ್ಪಿನಕಾಯಿ ಭರಣಿಗೆ ಹಾಕಿದೆ. ಭರಣಿ ತೊಳೆದಿತ್ತು, ಗಾಬರಿ ಬೇಡ.

ಮರುದಿನ ಎರಡನ್ನೂ ವಾಪಸ್ ಕೊಡಲು ಹೋದಾಗ ಅಂಗಡಿಯವನು ತಮಿಳಿನಲ್ಲಿ ಹೇಳಿದ್ದು ಹೀಗೆ: "ಅಯ್ಯಾ, ಒಂದೇ ಕುಲ ಅಂತಲೇ ಅವು ಹೊಡೆದಾಡೋದು!" ಮಾವನಿಗೆ ಇದು ದೊಡ್ಡ ಆಶ್ಚರ್ಯ. ನನಗೆ ಅವರ ಆಶ್ಚರ್ಯವೇ ಆಶ್ಚರ್ಯ! ಯಾಕೆಂದರೆ ನಮ್ಮ ಲೂಮ್ ಶೆಡ್ಡಿನ ನಡುವೆ ಒಂದು ಗೋಡೆ ಇದೆ. ಆ ಕಡೆ ಆರು ಲೂಮು ಮಾವನ ಸ್ವಂತ ತಮ್ಮನದು. ಅಣ್ಣತಮ್ಮ ಮಾತುಬಿಟ್ಟು ಹನ್ನೆರಡು ವರ್ಷವಾಯಿತು.

ಪಾಠ ಕಲಿತರು, ಬಿಡಿ. ಇನ್ನು ಮೇಲೆ ಬೇರೆ ಕುಲ ಮಾತ್ರ ಎಂದು ತೀರ್ಮಾನ ಮಾಡಿದರು. ಮುಂದಿನ ಭಾನುವಾರ ಒಂದು ಜೋಡಿ ದೊಡ್ಡ ಏಂಜೆಲ್ ಮೀನು, ಜೊತೆಗೆ ಕಡ್ಡಿಯಷ್ಟು ಸಣ್ಣ ನಿಯಾನ್ ಮೀನು ಹತ್ತು ಬಂದವು. ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಂಡಿದ್ದರೆ ಅಂಗಡಿಯವನು ಬೇಡವೆನ್ನುತ್ತಿದ್ದ. ನಮ್ಮ ಮಾವ ಬುದ್ಧಿವಂತರು, ನಿಯಾನ್ ಮೀನನ್ನು ಬೇರೆ ಬೀದಿಯಲ್ಲಿ ಕೊಂಡರು! "ಗಂಡಿನ ಮನೆಯವರ ಹತ್ತಿರ ಹೆಣ್ಣಿನ ಮನೆ ವಿಷಯ ವಿಚಾರಿಸಬಾರದು" ಎನ್ನುವುದು ಅವರ ಕಸುಬಿನ ನಿಯಮ.

ಸೋಮವಾರ ನಿಯಾನ್ ಎಂಟು. ಮಂಗಳವಾರ ಐದು. ಏಂಜೆಲ್ ಮೀನುಗಳ ಮುಖದಲ್ಲಿ ಮಹಾ ಸಾತ್ವಿಕ ಕಳೆ. ಬುಧವಾರ ಮಾವನ ಕಣ್ಣೆದುರಿಗೇ ಇನ್ನೊಂದು ಹೋಯಿತು.

"ಅಯ್ಯೋ, ಸಂಬಂಧಿಕರನ್ನೇ ತಿಂದುಬಿಟ್ರಲ್ಲಾ!" ಎಂದು ಮಾವ ಕೂತೇಬಿಟ್ಟರು.

"ತಾತಾ, ದೊಡ್ಡದರ ಬಾಯೊಳಗೆ ಹಿಡಿಯುವಷ್ಟು ಸಣ್ಣ ಮೀನನ್ನು ಜೊತೆಗೆ ಬಿಡಬಾರದು ಅಂತ ನಮ್ಮ ಮಿಸ್ ಕೂಡ ಹೇಳ್ತಾರೆ" ಎಂದಳು ನಿಲಾ. ನಾನು ನಕ್ಕೆ. ಅವಳೂ ನಗಲು ಹೊರಟು, ನಾನು ನಗುತ್ತಿದ್ದೇನೆ ಎಂದು ಕಂಡು ಬಾಯಿ ಮುಚ್ಚಿಕೊಂಡಳು. ಹಾಳಾದ್ದು, ಆ ದಿನ ನನಗೆ ಬಹಳ ಬೇಸರವಾಯಿತು.

ಏಂಜೆಲ್ ಮೀನುಗಳೂ ಉಳಿದ ನಿಯಾನ್ ಮೀನುಗಳೂ ಅಂಗಡಿಗೆ ವಾಪಸ್ ಹೋದವು. ಮೂರನೆಯ ಸಲ ಮಾವ ತಮ್ಮ ಬುದ್ಧಿಯನ್ನು ನಂಬದೆ ದೇವಿಗೇ ಬಿಟ್ಟರು. ಇಲ್ಲಿ ಮದುವೆಗೆ ಮೊದಲು ದೇವಿಯ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ಒಂದು ಎಲೆಯಲ್ಲಿ ಕೆಂಪು ಹೂ, ಇನ್ನೊಂದರಲ್ಲಿ ಬಿಳಿ ಹೂ ಸುತ್ತಿ ದೇವರ ಮುಂದೆ ಇಡುವುದು, ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುವುದು. ಅಂದುಕೊಂಡ ಬಣ್ಣ ಬಂದರೆ ಅಪ್ಪಣೆ ಸಿಕ್ಕ ಹಾಗೆ. ಬಿಳಿ ಬಂದರೆ ಗೌರಾಮಿ ಮೀನು ಎಂದು ಮನಸ್ಸಿನಲ್ಲಿ ಅಂದುಕೊಂಡು ಮಾವ ಕೈಮುಗಿದರು. ಪೂಜಾರಿಗೆ ಯಾವ ಹುಡುಗಿಯ ವಿಷಯ ಎಂಬ ಕುತೂಹಲ. "ಒಳ್ಳೇ ಕುಟುಂಬ, ನೀರಿನ ಅನುಕೂಲ ಇರುವ ಕಡೆಯವರು" ಎಂದರು ಮಾವ. ನಿಲಾ ಎತ್ತಿದಳು, ಬಿಳಿ ಬಂತು.

ನೀಲಿ ಗೌರಾಮಿ ಬಂತು. ಒಂಟಿಯಾಗಿ ಎರಡು ತಿಂಗಳು ರಾಜನಂತೆ ಬದುಕಿತು. ನಿಲಾ ಶಾಲೆಯಿಂದ ಬಂದವಳೇ ಅದರ ಮುಂದೆ ಕೂತು ಮಾತಾಡುವಳು. ನಾನು ಮಾವ ಹೇಳಿದ ಹಾಗೆ ಆ ಕಡೆ ಕೂರುತ್ತಿದ್ದೆ. ಅವಳು ಮೀನಿಗೆ ಹೇಳಿದ್ದೆಲ್ಲ ನನಗೂ ಕೇಳಿಸುತ್ತಿತ್ತು. ಗಣಿತದಲ್ಲಿ ಎಷ್ಟು ಬಂತು, ಬಸ್ಸಿನಲ್ಲಿ ಯಾರು ವಾಂತಿ ಮಾಡಿದರು, ಎಲ್ಲ. ಕದ್ದು ಕೇಳುವುದೂ ಒಂದು ಭಾಗ್ಯವೇ ಎಂದು ಸುಮ್ಮನಿದ್ದೆ.

ಒಂಟಿ ಮೀನು ನೋಡಿ ಮಾವನಿಗೆ ತಡೆಯಲಾಗಲಿಲ್ಲ. ಒಂಟಿಯಾಗಿರುವವರನ್ನು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಮೈತುಂಬ ಮುತ್ತಿನ ಚುಕ್ಕೆಯಿರುವ ಸಾಧುವಾದ ಇನ್ನೊಂದು ಗೌರಾಮಿ ತಂದರು. ಈ ಸಲ ಎಲ್ಲ ಕ್ರಮವಾಗಿ ನಡೆಯಿತು. ಕವರನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಸಿ, ಸ್ವಲ್ಪ ಸ್ವಲ್ಪ ತೊಟ್ಟಿಯ ನೀರು ಬೆರೆಸಿ, ಆಮೇಲೆ ಬಿಟ್ಟರು. ಆರತಿ ಎತ್ತುವುದೊಂದು ಬಾಕಿ!

ನೀಲಿ ಮೀನು ಒಂದು ಗಳಿಗೆ ನೋಡಿತು. ಆಮೇಲೆ ಹೊಸದನ್ನು ಅಟ್ಟಿಕೊಂಡು ಹೋಯಿತು. ಕಲ್ಲಿನ ಹತ್ತಿರ ಹೋದರೆ ಅಟ್ಟಿತು, ಗಿಡದ ಹತ್ತಿರ ಹೋದರೆ ಅಟ್ಟಿತು, ಊಟಕ್ಕೆ ಮೇಲೆ ಬಂದರೂ ಅಟ್ಟಿತು. ಕಡೆಗೆ ಹೊಸ ಮೀನು ಫಿಲ್ಟರಿನ ಹಿಂದೆ ಮೂಲೆಯಲ್ಲಿ ಅಲ್ಲಾಡದೆ ನಿಂತಿತು. ಮೂರು ದಿನ ಹೀಗೇ ಆಯಿತು. ನನಗೆ ನೋಡಲಾಗಲಿಲ್ಲ. "ಆ ನೀಲಿಯದು ಎಂಥ ಕೆಟ್ಟದು ಮಾವ, ವಾಪಸ್ ಕೊಟ್ಟುಬಿಡಿ" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ನಿಲಾ ಎದ್ದು ನಿಂತಳು. ಕಣ್ಣು ತುಂಬಿತ್ತು.

"ತಾತಾ, ಅದು ಕೆಟ್ಟದಲ್ಲ ಅಂತ ಹೇಳಿ. ಅದರ ಮನೆ ಅದು. ಯಾರೂ ಅದನ್ನ ಕೇಳಿಲ್ಲೆ."

ಮಾವ ಈ ಸಲ ನನಗೆ ದಾಟಿಸಲಿಲ್ಲ. ನನ್ನನ್ನೂ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಕೊಯಮತ್ತೂರಿನ ಬಸ್ಸು ಹತ್ತಿದರು.

ಅಂಗಡಿಯವನು ಹೇಳಿಕೊಟ್ಟದ್ದನ್ನು ಸಂಜೆ ನಮ್ಮೆದುರೇ ಮಾಡಿದರು. ತೊಟ್ಟಿಯಲ್ಲಿದ್ದ ಕಲ್ಲು, ಗಿಡ, ಮಣ್ಣಿನ ಗುಡಿ, ಎಲ್ಲವನ್ನೂ ತೆಗೆದು ಜಾಗ ಬದಲಾಯಿಸಿದರು. ಎಡಗಡೆ ಇದ್ದದ್ದು ಬಲಕ್ಕೆ, ಮುಂದಿದ್ದದ್ದು ಹಿಂದಕ್ಕೆ. "ಎಲ್ಲ ಬದಲಾದರೆ ಹಳಬನಿಗೂ ತನ್ನ ಜಾಗ ಯಾವುದು ಅಂತ ಗೊತ್ತಾಗಲ್ವಂತೆ. ಇಬ್ಬರೂ ಹೊಸಬರಾಗ್ತಾರಂತೆ" ಎಂದರು. "ಹಳೇ ನೀರು ಮಾತ್ರ ಚೆಲ್ಲಬಾರದಂತೆ. ಅದು ಹೋದರೆ ಇಬ್ಬರೂ ಬದುಕಲ್ಲ."

ನೀಲಿ ಮೀನು ಪೆಚ್ಚಾಗಿ ಸುತ್ತತೊಡಗಿತು. ಮುತ್ತಿನ ಮೀನೂ ಹೊರಗೆ ಬಂತು. ಎರಡು ದಿನದಲ್ಲಿ ಎರಡೂ ಒಂದೇ ಗಿಡದ ಕೆಳಗೆ ಉಸಿರಾಡುತ್ತಿದ್ದವು. ಮಾವ ಅದನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದರು.

ಆ ಭಾನುವಾರ ಕಿಣತ್ತುಕಡವಿನಲ್ಲಿ ಒಂದು ಮದುವೆ. ಸ್ವತಃ ತಾವೇ ಕೂಡಿಸಿದ ಮದುವೆ, ಆದರೂ ಮಾವ ಮಂಡಿನೋವು ಎಂದು ಮನೆಯಲ್ಲೇ ಉಳಿದರು. ನಾನು, ಗಂಡ, ನಿಲಾ ಹೋಗಿ ಸಂಜೆ ವಾಪಸ್ ಬಂದು ಬಾಗಿಲು ತೆಗೆದರೆ, ಇದು ನಮ್ಮ ಮನೆಯೇ ಹೌದೇ? ಹಾಲಿನ ಸೋಫಾ ಊಟದ ಕೋಣೆಯಲ್ಲಿ! ಊಟದ ಮೇಜು ಕಿಟಕಿಯ ಪಕ್ಕ! ನಿಲಾಳ ಮಂಚ ಇನ್ನೊಂದು ಗೋಡೆಗೆ, ನಮ್ಮ ಬೀರು ಅವಳ ಕೋಣೆಗೆ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯಿಂದ ಹಿಡಿದು ಒಂದೂ ಇದ್ದಲ್ಲಿ ಇಲ್ಲ. ಮಂಡಿನೋವಿನ ಮಾವ ಇಬ್ಬರು ಲೂಮಿನವರನ್ನು ಕರೆಸಿ ಇಡೀ ಮನೆ ಬುಡಮೇಲು ಮಾಡಿದ್ದರು.

"ಅಪ್ಪಾ, ನನ್ನ ಲುಂಗಿ ಎಲ್ಲಿ?" ಎಂದು ನನ್ನ ಗಂಡ ಅಬ್ಬರಿಸಿದರು.

"ಹುಡುಕು" ಎಂದರು ಮಾವ.

ಮೂವತ್ತು ವರ್ಷ ಕಿಟಕಿಯ ಪಕ್ಕ ಇದ್ದ ಅವರದೇ ಈಜಿಚೇರು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿತ್ತು. ಹಾಲಿನ ಗೋಡೆಯ ಮೇಲೆ ನಿಲಾಳ ಅಮ್ಮನ ಫೋಟೊ ಮಾತ್ರ ಇದ್ದ ಮೊಳೆಯಲ್ಲೇ ಇತ್ತು. ಅದಕ್ಕೆ ಹೊಸ ಮಲ್ಲಿಗೆ ಮುಡಿಸಿದ್ದರು. ನಾನು ಅದನ್ನು ನೋಡಿದೆ. ನಿಲಾ ಕೂಡ ನೋಡಿದಳು.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತು. ಮಾವ ಇಷ್ಟು ಹೊತ್ತಿಗೆ ಸದಾ ಅವಳ ಪಕ್ಕ ಇರುವವರು, ಅಂದು ಹಿತ್ತಲಿನ ಕುರ್ಚಿಯಲ್ಲಿ ಪೇಪರು ಹಿಡಿದು ಕಿವುಡರಾಗಿಬಿಟ್ಟಿದ್ದರು. "ತಾತಾ! ತಾತಾ!" ಎಂದು ಎರಡು ಸಲ ಕರೆದಳು. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ನಾನು ಸಕ್ಕರೆ ಹುಡುಕುತ್ತಾ ಮೂರನೆಯ ಸಲ ಜೀರಿಗೆ ಡಬ್ಬಿ ತೆಗೆದಿದ್ದೆ.

"ನನ್ನ ಟಿಫನ್ ಡಬ್ಬಿ ಎಲ್ಲಿ?" ಎಂದಳು. ಅಲ್ಲಿ ಇದ್ದವಳು ನಾನೊಬ್ಬಳೇ.

"ನನಗೂ ಗೊತ್ತಿಲ್ಲ ಕಣೆ" ಎಂದೆ.

"ನಿಮಗೂ ಗೊತ್ತಿಲ್ವಾ?"

"ದೇವರಾಣೆ ಗೊತ್ತಿಲ್ಲ. ಸಕ್ಕರೆಯೇ ಸಿಗ್ತಿಲ್ಲ ನನಗೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಶಾಲೆಯ ಚೀಲ ಕೆಳಗಿಟ್ಟು, "ನೀವು ಮೇಲೆ ನೋಡಿ, ನಾನು ಕೆಳಗೆ ನೋಡ್ತೇನೆ" ಎಂದಳು. ಅಕ್ಕಿ ಡ್ರಮ್ಮಿನಲ್ಲಿ ನೋಡಿದೆವು, ಹಳೇ ಮಿಕ್ಸಿಯ ಪೆಟ್ಟಿಗೆಯಲ್ಲಿ ನೋಡಿದೆವು. ಬೀರುವಿನಲ್ಲಿ ಅವಳ ಅಪ್ಪನ ಲುಂಗಿಯೊಳಗೆ ಸುತ್ತಿಟ್ಟ ಸಕ್ಕರೆ ಡಬ್ಬಿ ಸಿಕ್ಕಿತು. ಅವಳು ಕೇಕೆ ಹಾಕಿ ನಕ್ಕಳು, ನಾನು ನಕ್ಕರೂ ಬಾಯಿ ಮುಚ್ಚಿಕೊಳ್ಳಲಿಲ್ಲ. ನನ್ನ ಸೆರಗು ಹಿಡಿದು ಎಳೆದು, "ಬನ್ನಿ, ಆ ಕೋಣೆ ಬಾಕಿ ಇದೆ" ಎಂದಳು. ನನಗೆ ಅಳು ಬಂದುಬಿಟ್ಟಿತು, ಮಂಚದ ಕೆಳಗೆ ತಲೆ ಹಾಕಿ ಒರೆಸಿಕೊಂಡೆ. ಹೊರಗೆ ಶಾಲೆಯ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು.

ಡಬ್ಬಿ ಸಿಕ್ಕಿದ್ದು ಹತ್ತು ಗಂಟೆಗೆ, ದೇವರ ಕೋಣೆಯಲ್ಲಿ, ಗಂಟೆಯ ಹಿಂದೆ. ಇಬ್ಬರೂ ಅದನ್ನು ಹಿಡಿದುಕೊಂಡು ಹಿತ್ತಲಿಗೆ ಓಡಿದೆವು. ಮಾವ ಪೇಪರು ಇಳಿಸಿ ಡಬ್ಬಿ ನೋಡಿದರು, ನನ್ನ ಸೆರಗು ಹಿಡಿದಿದ್ದ ಮೊಮ್ಮಗಳ ಕೈ ನೋಡಿದರು.

"ಇಷ್ಟು ಬೇಗ ಸಿಕ್ಬಿಡ್ತಾ?" ಎಂದರು, ಬಹಳ ನಿರಾಶೆಯಿಂದ.