ಬುಕ್ಕಸಾಗರದಲ್ಲಿ ಟೋಬ್ರೂಕ್ ಬೀಳಲಿಲ್ಲ

ಸಾವಿರದ ಒಂಬೈನೂರ ನಲವತ್ತೆರಡು, ಜುಲೈ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಏಳೂಕಾಲು ಗಂಟೆ. ಸ್ಥಳ: ಬುಕ್ಕಸಾಗರದಲ್ಲಿ ನನ್ನ ಮಾವನವರ ಗದ್ದೆ. ಹಾಜರಿದ್ದವರು: ಮಾವ, ನನ್ನ ಷಡ್ಡಕ, ನಾನು ಮತ್ತು ಒಂದು ಎಮ್ಮೆ. ಆ ಹೊತ್ತಿಗೆ ಆಫ್ರಿಕದ ಟೋಬ್ರೂಕ್ ಶತ್ರುವಿನ ಕೈಸೇರಿ ಐದು ವಾರವಾಗಿತ್ತು. ಇದನ್ನು ಲಂಡನ್ ಒಪ್ಪಿತ್ತು, ಬರ್ಲಿನ್ ಒಪ್ಪಿತ್ತು, ಮದರಾಸು ಒಪ್ಪಿತ್ತು. ಬುಕ್ಕಸಾಗರದಲ್ಲಿ ಮಾತ್ರ ಟೋಬ್ರೂಕ್ ಬಿದ್ದಿರಲಿಲ್ಲ. ಬೀಳಲು ನನ್ನ ಷಡ್ಡಕ ಬಿಟ್ಟಿರಲಿಲ್ಲ!

ಷಡ್ಡಕನೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ. ಗುಂತಕಲ್ಲು ದಾಟಿದವನಲ್ಲ. ಭೂಪಟ ಕೊಟ್ಟರೆ ತಲೆಕೆಳಗಾಗಿ ಹಿಡಿಯುವವನು. ಅಂಥವನು ಒಂದು ಮಹಾಯುದ್ಧವನ್ನು ನಡೆಸುತ್ತಿದ್ದ ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಆದರೆ ಆ ಯುದ್ಧದಲ್ಲಿ ನನಗೂ ಒಂದು ಪಾತ್ರವಿತ್ತು. ಅದನ್ನು ಆಮೇಲೆ ಹೇಳುತ್ತೇನೆ, ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ.

ಮೊದಲು ನನ್ನ ಹಕ್ಕಿನ ವಿಷಯ. ಆ ಮನೆಗೆ ಯುದ್ಧವನ್ನು ಮೊದಲು ತಂದವನು ನಾನು. ಹೊಸಪೇಟೆಯಲ್ಲಿ ಶಾಲೆಯ ಮಾಸ್ತರನಾಗಿದ್ದ ನಾನು ಪ್ರತಿ ಭಾನುವಾರ ಬೆಳಿಗ್ಗೆ ಐದೂವರೆಗೆ ಸೈಕಲ್ ಹತ್ತಿ, ಏಳೂಕಾಲಿಗೆ ಬುಕ್ಕಸಾಗರ ಸೇರಿ, ಕೈಕಾಲು ತೊಳೆದು, ಎಂಟಕ್ಕೆ ಸರಿಯಾಗಿ ಮದರಾಸಿನ ಇಂಗ್ಲಿಷ್ ಪೇಪರು ಬಿಚ್ಚಿ, ಮಾವನವರಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಎಂಟೂವರೆಗೆ ಮುಗಿಸುತ್ತಿದ್ದೆ. ಊರುಗಳ ಹೆಸರಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿರುತ್ತಿದ್ದೆ. ಮಾವನವರು ಎಂಟು ಹತ್ತರವರೆಗೆ ಕಣ್ಣು ಬಿಟ್ಟು ಕೇಳುತ್ತಿದ್ದರು, ಆಮೇಲೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅದು ಏಕಾಗ್ರತೆ ಎಂದು ನಾನು ತಿಳಿದಿದ್ದೆ.

ಡನ್‌ಕರ್ಕ್ ಬಂತು ನೋಡಿ, ಅಲ್ಲಿಗೆ ನನ್ನ ಓದು ಕೆಟ್ಟಿತು. ಸೋತ ಇಂಗ್ಲಿಷ್ ಸೈನ್ಯ ಫ್ರಾನ್ಸಿನ ದಡದಿಂದ ಸಿಕ್ಕ ಸಿಕ್ಕ ದೋಣಿ ಹತ್ತಿ ಊರಿಗೆ ಮರಳಿತು ಎಂದು ನಾನು ಸ್ಪಷ್ಟವಾಗಿ ಓದುತ್ತಿದ್ದೆ. ಮೂಲೆಯಲ್ಲಿ ಕೂತಿದ್ದ ಷಡ್ಡಕ ಎದ್ದುನಿಂತು, ಇದನ್ನು ಕೇಳಿದರೆ ತಿಳಿಯುವುದಿಲ್ಲ, ನೋಡಬೇಕು ಎಂದ. ಎಲ್ಲರನ್ನೂ ಹೊಳೆಗೆ ಎಬ್ಬಿಸಿಕೊಂಡು ಹೋದ. ಅಲ್ಲಿ ನಾಲ್ಕು ಜನರನ್ನು ಹರಿಗೋಲಿನಲ್ಲಿ ಕೂರಿಸಿ, ಇವರೇ ಇಂಗ್ಲಿಷ್ ಸೈನ್ಯ, ಆನೆಗೊಂದಿಯ ದಡವೇ ಇಂಗ್ಲೆಂಡ್ ಎಂದು ಹೇಳಿ, ಅಂಬಿಗನನ್ನು ಇಳಿಸಿ, ತಾನೇ ಹುಟ್ಟು ಹಿಡಿದ. ಹರಿಗೋಲು ಗರಗರ ಮೂರು ಸುತ್ತು ತಿರುಗಿ, ಇಡೀ ಸೈನ್ಯವನ್ನು ಹೊತ್ತು ಮತ್ತೆ ಫ್ರಾನ್ಸಿಗೇ ಬಂದು ನಿಂತಿತು! ಮದುವೆಯ ಮನೆಯಲ್ಲೂ ನಗದ ನನ್ನ ಮಾವ ಅಂದು ಬಂಡೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಹತ್ತು ವರ್ಷದ ಅಳಿಯತನದಲ್ಲಿ ನಾನು ಅವರನ್ನು ಒಮ್ಮೆಯೂ ನಗಿಸಿರಲಿಲ್ಲ.

ಮುಂದಿನ ಭಾನುವಾರ ಎಂಟು ಗಂಟೆಗೆ ನಾನು ಪೇಪರು ಬಿಚ್ಚಿದಾಗ ಮಾವ ಬಾಗಿಲ ಕಡೆ ನೋಡುತ್ತ, “ಕಂಪ್ಲಿ ಅಳಿಯಂದ್ರು ಇನ್ನೂ ಬರಲಿಲ್ಲಲ್ಲ?” ಎಂದರು. ಹೊಟ್ಟೆಯಲ್ಲಿ ಒಂದು ಕಿಡಿ ಬಿತ್ತು. ಅದು ಯುದ್ಧ ಮುಗಿಯುವ ತನಕ ಆರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಮನೆಗೆ ಬಂದು ಹೆಂಡತಿಯ ಮುಂದೆ ದೂರು ಹೇಳಿಕೊಂಡೆ. ಅವಳು ರೊಟ್ಟಿ ಬಡಿಯುತ್ತ, “ನೀವು ಓದಿದ್ರ ಯುದ್ಧನೂ ಹಾಜರಿ ಕರದಂಗ ಇರ್ತೈತಿ” ಎಂದಳು. ಸ್ವಂತ ಮನೆಯಲ್ಲೇ ಬೆಂಬಲವಿಲ್ಲದ ಮೇಲೆ ಇನ್ನೆಲ್ಲಿ ಹೋಗಲಿ?

ಆಮೇಲೆ ಯುದ್ಧ ಗದ್ದೆಗೆ ಇಳಿಯಿತು. ಕಾರಣವಿತ್ತು. ಮಾವನವರ ಒಬ್ಬನೇ ಮಗ, ಸಂಡೂರಿನ ಗಣಿಯಲ್ಲಿ ದುಡಿಯುತ್ತಿದ್ದವನು, ದಂಡಿಗೆ ಸೇರಿ ಆಫ್ರಿಕಕ್ಕೆ ಹೋದ. ಷಡ್ಡಕ ಬೇಸಿಗೆಯ ಒಣ ಮಡಿಗಳನ್ನೇ ಮರುಭೂಮಿ ಮಾಡಿದ. ಕಾಲುವೆ ಸಮುದ್ರವಾಯಿತು. ಪಡುವಣ ಮಡಿ ಬೆಂಗಾಜಿ, ನಡುವಿನದು ಟೋಬ್ರೂಕ್, ಮೂಡಣದ ಹುಣಸೆಮರದ ನೆರಳು ಈಜಿಪ್ಟ್. ಅತ್ತೆಯವರು ಮಜ್ಜಿಗೆ ಕಳಿಸುತ್ತಿದ್ದುದು ಆ ನೆರಳಿಗೇ ಆದ್ದರಿಂದ ಎರಡೂ ಪಕ್ಷದವರು ಈಜಿಪ್ಟಿಗಾಗಿ ಯಾಕೆ ಸಾಯುತ್ತಾರೆ ಎಂಬುದು ಎಲ್ಲರಿಗೂ ಸಲೀಸಾಗಿ ತಿಳಿಯುತ್ತಿತ್ತು. ನಮ್ಮ ಸಿಪಾಯಿಗಳೆಂದರೆ ಹೊಳೆಯ ಬಿಳಿ ಕಲ್ಲು. ಜರ್ಮನ್ ಟ್ಯಾಂಕ್ ಎಂದರೆ ಮಾವನವರ ಎಮ್ಮೆ. ಒಂದು ಭಾನುವಾರ ಆ ಟ್ಯಾಂಕು ಬೆಂಗಾಜಿಯ ನಡುವೆ ಮಲಗಿಬಿಟ್ಟಿತು. ಮಾವ ಬಾರುಕೋಲು ಎತ್ತಿದರೆ ಇವನು ಅಡ್ಡ ನಿಂತು, “ಹೊಡಿಬ್ಯಾಡ್ರಿ ಮಾವಾರ, ಶತ್ರು ಆದ್ರೂ ಎರಡು ಹೊತ್ತು ಹಾಲು ಕೊಡ್ತೈತಿ” ಎಂದ.

ಇನ್ನು ನನ್ನ ಪಾತ್ರ. ಅವನು ನನಗೆ ಕೊಟ್ಟದ್ದು ಇಟಲಿ! ಏನು ಮಾಡಬೇಕು ಎಂದು ಕೇಳಿದೆ. “ಏನೂ ಬ್ಯಾಡ್ರಿ ಮಾಸ್ತರ, ಸುಮ್ನ ನಿಂತ್ಕೊಂಡ್ರ ಸಾಕು” ಎಂದ. ಇಸ್ತ್ರಿ ಮಾಡಿದ ಧೋತ್ರ ಉಟ್ಟು, ಪೇಪರು ಕಂಕುಳಲ್ಲಿ ಇರುಕಿಕೊಂಡು, ಬದುವಿನ ಮೇಲೆ ಎಷ್ಟೋ ಭಾನುವಾರ ನಾನು ಇಟಲಿಯಾಗಿ ನಿಂತಿದ್ದೇನೆ.

ಒಂದು ಮಾತು ಹೇಳಲೇಬೇಕು. ಸೋಲನ್ನು ಅವನು ಮುಚ್ಚಿಡುತ್ತಿರಲಿಲ್ಲ. ಸಿಂಗಪುರ ಬಿದ್ದಾಗ, ಆ ಊರೆಂದು ಇಟ್ಟಿದ್ದ ಮಣ್ಣಿನ ಹೆಂಟೆಯನ್ನು ಮುಲಾಜಿಲ್ಲದೆ ಕಾಲಲ್ಲಿ ಒಡೆದ. ರಂಗೂನ್ ಹೋದಾಗಲೂ ಹಾಗೆಯೇ. ಆದ್ದರಿಂದಲೇ ನನಗೆ ಜುಲೈನ ಆ ಭಾನುವಾರ ಆಶ್ಚರ್ಯವಾದದ್ದು.

ಜೂನ್ ನಡುವಿನಿಂದ ನಾನು ಮಾಸ್ತರರ ತರಬೇತಿಗೆಂದು ಬಳ್ಳಾರಿಯಲ್ಲಿದ್ದೆ. ಟೋಬ್ರೂಕ್ ಬಿದ್ದ ಸುದ್ದಿಯನ್ನು ಅಲ್ಲಿಯೇ ಓದಿದೆ. ನಮ್ಮ ದೇಶದ ಸಿಪಾಯಿಗಳೂ ಬಹಳ ಮಂದಿ ಸೆರೆಯಾದರೆಂದು ಬರೆದಿತ್ತು. ಭಾವಮೈದುನ ಇದ್ದದ್ದು ಅಲ್ಲಿಯೇ ಎಂದು ರಜೆಗೆ ಬಂದ ಕಮಲಾಪುರದ ಸಿಪಾಯಿಯೊಬ್ಬ ಮೊದಲೇ ಹೇಳಿದ್ದ. ಮೇ ತಿಂಗಳಿಂದ ಅವನ ಕಾಗದವಿರಲಿಲ್ಲ. ಮನೆಯವರಿಗೆ ಇಷ್ಟರಲ್ಲಿ ಎಲ್ಲ ತಿಳಿದಿರುತ್ತದೆ ಎಂದುಕೊಂಡೇ ಸೈಕಲ್ ಇಳಿದೆ.

ನೋಡಿದರೆ, ಕಾಲುವೆಗೆ ನೀರು ಬಂದಿದೆ. ಬೆಂಗಾಜಿಯಲ್ಲಿ ನಾಟಿ ಮುಗಿದಿದೆ. ಸುತ್ತಲ ಮಡಿಗಳೆಲ್ಲ ಹಸಿರು. ನಡುವಿನ ಮಡಿ ಮಾತ್ರ ಬಿರುಕು ಬಿಟ್ಟು ಒಣಗಿದೆ! ಅದರ ತುಂಬ ಬಿಳಿ ಕಲ್ಲುಗಳು, ಸಾಲಾಗಿ. ಸಸಿ ಬೆಳೆಸುವ ಅಗೆಯಲ್ಲಿ ಆ ಮಡಿಯ ಪಾಲಿನವು ಬಲಿತು ಹಳದಿಗೆ ತಿರುಗುತ್ತಿವೆ. ಒಂದು ಹಿಡಿ ಸಸಿ ಹಾಳಾದರೆ ಊಟ ಬಿಡುವ ನನ್ನ ಮಾವ ಬದುವಿನ ಮೇಲೆ ಸುಮ್ಮನೆ ಕೂತಿದ್ದಾರೆ.

ಷಡ್ಡಕ ಮಡಿಯ ನಡುವಿನಿಂದಲೇ ಕೂಗಿ ಹೇಳಿದ: “ಬರ್ರಿ ಮಾಸ್ತರ, ಟೋಬ್ರೂಕ್ ಇನ್ನೂ ಗಟ್ಟಿ ಐತಿ.”

ನನಗೆ ಎಷ್ಟು ಸಂತೋಷವಾಯಿತೆಂದರೆ, ಹೇಳಬಾರದು, ಆದರೂ ಹೇಳುತ್ತೇನೆ. ಎರಡು ಬೇಸಿಗೆ ಇಟಲಿಯಾಗಿ ನಿಂತವನಿಗೆ ಕೊನೆಗೂ ದಾಳಿಯ ಅವಕಾಶ! ಕಂಕುಳಲ್ಲಿ ಪೇಪರು ಇತ್ತು. ಕಾಳಗ ಈಗ ಎಲ್ ಅಲಮೀನ್‌ನಲ್ಲಿ, ಈಜಿಪ್ಟಿನ ಒಳಗೆ, ಎಂದು ಅದರಲ್ಲಿ ಅಚ್ಚಾಗಿತ್ತು. ಶತ್ರು ಹುಣಸೆಮರದ ಬುಡಕ್ಕೆ ಬಂದಿರುವಾಗ ಹಿಂದಿನ ಟೋಬ್ರೂಕ್ ಗಟ್ಟಿಯಾಗಿರುವುದು ಹೇಗೆ? ಮಾವನವರನ್ನು ಮರದ ಕೆಳಗೆ ಕರೆದೆ. ಪೇಪರು ಬಿಚ್ಚಿ, ಕೆಂಪು ಗೆರೆಯ ಮೇಲೆ ಬೆರಳಿಟ್ಟು, ಕಂಪ್ಲಿ ಅಳಿಯಂದಿರು ಹೇಳುವುದೆಲ್ಲ ನಿಜವಲ್ಲ ಎಂದು ಶುರುಮಾಡಿದೆ.

ಮಾವ ಪೇಪರಿನ ಕಡೆ ನೋಡಲೇ ಇಲ್ಲ.

“ಗೊತ್ತೈತಿ ಮಾಸ್ತರ” ಎಂದರು. “ಬಿದ್ದ ವಾರನ ಕಂಪ್ಲಿ ಸಂತ್ಯಾಗ ಕೇಳೀನಿ.”

ಮತ್ತೆ ಈ ಒಣ ಮಡಿ ಯಾಕೆ, ಸಸಿ ಯಾಕೆ ಹಾಳುಮಾಡುತ್ತಿದ್ದೀರಿ ಎಂದೆ. ಅವರು ಮಡಿಯ ಕಡೆ ಕೈ ಮಾಡಿ ತೋರಿಸಿದರು. ಷಡ್ಡಕ ಬಗ್ಗಿ, ಓರೆಯಾಗಿದ್ದ ಒಂದು ಕಲ್ಲನ್ನು ಸಾಲಿಗೆ ಸರಿಪಡಿಸುತ್ತಿದ್ದ.

“ವಾರಾ ವಾರಾ ಕಂಪ್ಲಿಯಿಂದ ನಡಕೊಂತ ಬಂದು ನನ್ನ ಮಗನ್ನ ಕಾಯ್ತಾರ” ಎಂದರು ಮಾವ. “ಬ್ಯಾಡ ಅಂತ ಹೆಂಗ ಅನ್ಲಿ? ನನಗ ಗೊತ್ತೈತಿ ಅಂತ ಅವರಿಗೆ ಹೇಳಬ್ಯಾಡ್ರಿ. ಭಾಳ ನೊಂದ್ಕೊಂತಾರ.”

ನಾನು ಪೇಪರು ಮಡಿಚಿದೆ. ಮಡಿಕೆ ಸರಿಯಾಗಿ ಬರಲಿಲ್ಲ. ಪ್ರತಿ ವಾರ ನಾನೂ ಬಂದಿದ್ದೆ, ಸೈಕಲ್ ತುಳಿದು, ಹೊತ್ತಿಗೆ ಸರಿಯಾಗಿ. ಆ ಹುಡುಗ ಬಿಸಿಲಲ್ಲಿ ಹೇಗಿದ್ದಾನೋ ಎಂದು ಒಂದು ಭಾನುವಾರವಾದರೂ ಕೇಳಿದ್ದೆನೇ?

ಅಗೆಯ ಕಡೆ ನೋಡಿದೆ. ಇನ್ನೊಂದು ವಾರ ಕಾದರೆ ಆ ಸಸಿ ನಾಟಿಗೆ ಬರುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಟೋಬ್ರೂಕಿಗೆ ಇಳಿದೆ. ಪೇಪರು ಮತ್ತೆ ಬಿಚ್ಚಿದೆ. ಅಚ್ಚಾದದ್ದನ್ನು ಬಿಟ್ಟು ಬೇರೆ ಓದದವನು, ಇಲ್ಲದ ಸಾಲಿನ ಮೇಲೆ ಬೆರಳಿಟ್ಟು, ಮಾವನವರಿಗೂ ಕೇಳುವ ಹಾಗೆ ಓದಿದೆ: ನಮ್ಮ ಸೈನ್ಯ ಟೋಬ್ರೂಕನ್ನು ಬಿಟ್ಟು ಹಿಂಬಾಗಿಲಿನಿಂದ ಹೊರಗೆ ಬಂದಿದೆ. ಒಳಗೆ ಈಗ ಯಾರೂ ಇಲ್ಲ.

ಷಡ್ಡಕ ನನ್ನ ಮುಖ ನೋಡಿದ. ಕಂಪ್ಲಿಯಲ್ಲಿ ಗಿರಣಿ ಸಾಹುಕಾರರ ರೇಡಿಯೊ ಮುಂದೆ ದಿನಾ ಕೂರುವವನು ಅವನು. ಅವನಿಗೆ ಗೊತ್ತಿಲ್ಲದ್ದೇನಿತ್ತು?

“ಎಲ್ಲಾರೂ ಬಂದ್ರ?” ಎಂದ.

“ಎಲ್ಲಾರೂ.”

“ನಮ್ಮ ಹುಡುಗ?”

ಮಾವ ಬದುವಿನ ಮೇಲೆ ಬಂದು ನಿಂತಿದ್ದರು.

“ಮೊದಲನೇ ಸಾಲಿನ್ಯಾಗ” ಎಂದೆ.

ಷಡ್ಡಕ ಕೂತು ಕಲ್ಲು ಆರಿಸತೊಡಗಿದ. ನಾನೂ ಕೂತೆ. ಒಂದೂ ಬಿಡಲಿಲ್ಲ. ಮಣ್ಣೊಳಗೆ ಹುಗಿದು ಹೋಗಿದ್ದವನ್ನೂ ಉಗುರಿನಿಂದ ಕೆದರಿ ತೆಗೆದೆವು. ಷಡ್ಡಕ ಎಲ್ಲವನ್ನೂ ಉಡಿಯಲ್ಲಿ ತುಂಬಿಕೊಂಡು ಹೋಗಿ ಹುಣಸೆಯ ನೆರಳಿನಲ್ಲಿ ಸುರಿದು ಬಂದ. ಆಮೇಲೆ ಮಾವ ಸನಿಕೆ ತೆಗೆದುಕೊಂಡು ಬದು ಕಡಿದರು. ನೀರು ಬಿರುಕಿನೊಳಗೆ ಸದ್ದು ಮಾಡುತ್ತ ಇಳಿಯಿತು. ಷಡ್ಡಕ ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಆ ಕಡೆ ತಿರುಗಿದ. ಮಾವ ಹೋಗಿ ಅವನ ಬೆನ್ನ ಮೇಲೆ ಕೈ ಇಟ್ಟು ನಿಂತರು. ಆಗ ನನ್ನ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನಕ್ಕೆ ನನಗೆ ಒಂದು ಸುಳ್ಳು ಸಾಕಾಗಿತ್ತು.

ಎಂಟು ಗಂಟೆಯ ಓದು ಅಂದು ನಡೆಯಲಿಲ್ಲ. ಸಂಜೆ ಐದೂವರೆಗೆ ಮಡಿ ತುಂಬಿತು. ಮಾವ ಸನಿಕೆಯನ್ನು ನನ್ನ ಕೈಗೆ ಕೊಟ್ಟರು. ಒಡೆದ ಬದುವಿಗೆ ಮೂರು ಸಲ ಮಣ್ಣು ಎಳೆದು, ಕಾಲಿಂದ ಮೆಟ್ಟಿ, ನೀರು ನಿಲ್ಲಿಸಿದೆ.