ಲಾಬಿಯಲ್ಲಿ ನಿಂತಿದ್ದ ಬೆಲ್ಲದ ಮೆಷಿನ್ನು

ದೊಡ್ಡ ಕಂಪನಿಯವರು ಸಣ್ಣವರ ಕೈಹಿಡಿದು ಮೇಲೆತ್ತುತ್ತೀವಿ ಅಂತ ಬಂದಾಗಲೆಲ್ಲ ಇಂಥವು ಆಗ್ತಾನೇ ಇರ್ತವೆ. ನಮ್ಮ ಮನೆಯವಳು ಕೇಳಿ ಬಿದ್ದು ಬಿದ್ದು ನಗ್ತಾಳೆ. ನನಗೆ ಈಗಲೂ ಮೈ ಉರೀತದೆ.

ಚೀಟಿ

ಶ್ರೀರಂಗಪಟ್ಟಣದಲ್ಲಿ ನನ್ನದೂ ಗೆಳೆಯ ಭಾಯ್‌ದೂ ಪಾಲಿನ ವರ್ಕ್‌ಶಾಪು. ವೆಲ್ಡಿಂಗ್ ಅವನದು, ಮೋಟಾರಿನ ಕೆಲಸ ನನ್ನದು. ಆಲೆಮನೆ ಕೊಪ್ಪರಿಗೇಲಿ ಕುದಿಯೋ ಪಾಕ ಕಲಕೋಕೆ ಒದ್ದಾಡಿ ಒಂದು ಮೆಷಿನ್ ಮಾಡಿದ್ವಿ. ಇದ್ದದ್ದು ಅದೊಂದೇ. ಪಾಂಡವಪುರದ ಆಲೆಮನೆ ಗೌಡರು, "ಓಡ್ಸಿ ತೋರ್ಸು ಕಣ್ಲಾ, ಚೆನ್ನಾಗಿದ್ರೆ ತಗತೀನಿ" ಅಂದಿದ್ರು.

ಅಷ್ಟರಲ್ಲಿ ಮೈಸೂರಿನ ದೊಡ್ಡ ಕಂಪನಿಯ ಮ್ಯಾನೇಜರ್ರು ಬಂದು, "ಐಡಿಯಾ ನಿಮ್ಮದು, ಬಲ ನಮ್ಮದು, ಜೊತೇಲಿ ಬೆಳೆಯೋಣ" ಅಂದ್ರು. ನಮ್ಮನ್ನ ಏಸಿ ರೂಮಲ್ಲಿ ಕೂರಿಸಿ, ಬಣ್ಣಬಣ್ಣದ ಚೀಟಿ ಕೊಟ್ಟು, ಮನಸ್ಸಿಗೆ ಬಂದದ್ದು ಬರೆದು ಗೋಡೆಗೆ ಅಂಟಿಸಿ ಅಂದ್ರು. ಭಾಯ್ "ಊಟ ಎಷ್ಟೊತ್ತಿಗೆ?" ಅಂತ ಬರೆದ. ಎಲ್ಲರೂ ಚಪ್ಪಾಳೆ ತಟ್ಟಿ ಅದರ ಫೋಟೋ ತಗೊಂಡ್ರು. ಊಟ ಮಾತ್ರ ಬರಲಿಲ್ಲ.

ಬಣ್ಣ

ಪರೀಕ್ಷೆ ಮಾಡಿ ತಿಂಗಳಲ್ಲಿ ವಾಪಸ್ ಕೊಡ್ತೀವಿ ಅಂತ ಮೆಷಿನ್ ಹೊತ್ಕೊಂಡು ಹೋದೋರ ಸುದ್ದೀನೇ ಇಲ್ಲ. ಇತ್ತ ಗೌಡರು, "ಬೇರೆಯವ್ರು ಮೆಷಿನ್ ತರ್ತಾವ್ರೆ. ದಸರಾ ಹಬ್ಬ ಮುಗ್ಯದ್ರೊಳ್ಗೆ ನಿಂದು ಬರ್ದಿದ್ರೆ ಅವ್ರದೇ ತಗಂಬುಡ್ತೀನಿ ಕಣ್ಲಾ" ಅಂದ್ಬುಟ್ರು. ನಿದ್ದೆ ಹೋಯ್ತು.

ಕೊನೆಗೊಂದು ದಿನ ಮ್ಯಾನೇಜರ್ರೇ ಫೋನ್ ಮಾಡಿ, "ಒಂದು ಮುಖ್ಯ ವಿಷಯ. ಮೆಷಿನ್‌ಗೆ ನೀಲಿ ಬಣ್ಣ ಹೊಡೆಸಬಹುದಾ? ನಮ್ಮ ಗೋಡೆಗೆ ಹೊಂದ್ತಾ ಇಲ್ಲ" ಅಂದ್ರು.

"ಪಾಕ ಕಲಕಿ ನೋಡಿದ್ರಾ ಸಾರ್?"

"ಪಾಕನಾ? ಇನ್ನೂ ಆ ಹಂತಕ್ಕೆ ಬಂದಿಲ್ಲ."

ಹಿಂದಿನ ಗೇಟು

ಮಾರನೇ ದಿನವೇ ಗೂಡ್ಸ್ ಆಟೋ ಹತ್ತಿ ಇಬ್ಬರೂ ಹೋದ್ವಿ. ನೋಡಿದ್ರೆ ನಮ್ಮ ಮೆಷಿನ್ನು ಲಾಬೀಲಿ ಹಗ್ಗದ ಬೇಲಿಯೊಳಗೆ ನಿಂತದೆ. ಮುಂದೆ "ನಮ್ಮ ಹೊಸ ಆವಿಷ್ಕಾರ" ಅಂತ ಬೋರ್ಡು. ನಾನು ಬೇಲಿಯೊಳಗೆ ಕೈ ಹಾಕಿದೆ. ಹಿಡಿಕೆ ಮುಟ್ಟಿದೆ, ಅಷ್ಟೇ. ರಿಸೆಪ್ಷನ್ ಹುಡುಗಿ, "ಮುಟ್ಟಬೇಡಿ ಸರ್. ಕೆಟ್ಟೋದ್ರೆ ಯಾರು ಸರಿ ಮಾಡೋದು?" ಅಂದ್ಲು.

"ನಾನೇ ಕಣಮ್ಮ."

"ಓ, ರಿಪೇರಿಯವರಾ? ಹಿಂದಿನ ಗೇಟಲ್ಲಿ ಬನ್ನಿ."

ಆಯುಧಪೂಜೆ

ಮ್ಯಾನೇಜರ್ರು ಮೀಟಿಂಗಲ್ಲಿ ಅವ್ರೆ ಅಂದ್ರು. ನಾನು ಕೂಗಾಡಿ ಗಂಟಲು ಕೆಡಿಸ್ಕೊಂಡೆ. ಭಾಯ್ ಮಾತ್ರ ಮೆತ್ತಗೆ ಸೆಕ್ಯುರಿಟಿಯವರ ಹತ್ರ ಹೋದ. ನಾಗಮಂಗಲದ ಕಡೆಯ ವಯಸ್ಸಾದೋರು.

"ಯಜಮಾನ್ರೇ, ನಾಳೆ ಆಯುಧಪೂಜೆ. ನಮ್ ಮೆಷಿನ್ನು ನಮ್ ವರ್ಕ್‌ಶಾಪಲ್ಲಿ ಇಲ್ದೆ ಪೂಜೆ ಎಂಗ್ ಮಾಡದು?"

"ಅಯ್ಯೋ, ತಪ್ಪುಸ್ಬಾರ್ದು ಕಣಪ್ಪಾ. ತಗಂಡೋಗಿ ಮೊದ್ಲು" ಅಂದೋರೇ ಹಗ್ಗ ಬಿಚ್ಚಿ, ನಾಲ್ಕು ಜನರನ್ನ ಕರೆದು, ತಾವೂ ಹೆಗಲು ಕೊಟ್ಟು ಆಟೋಗೆ ಹತ್ತಿಸಿದ್ರು.

ಪೂಜೆ ಮುಗಿಸಿ ಸೀದಾ ಪಾಂಡವಪುರಕ್ಕೆ ಹೋದ್ವಿ. ಮೆಷಿನ್ನು ಪಾಕ ಕಲಕ್ತು. ಗೌಡರು ಬೆಲ್ಲ ಬಾಯಿಗೆ ಹಾಕ್ಕೊಂಡು, "ನಂಗೊಂದು, ಕೆ.ಆರ್.ಪೇಟೆ ಅಳಿಯಂಗೊಂದು" ಅಂದ್ರು. ಕಣ್ಣಲ್ಲಿ ನೀರು ಬಂತು ನನಗೆ.

ಆಗಲೇ ಮ್ಯಾನೇಜರ್ ಫೋನು. ಇಷ್ಟು ದಿನ ನುಂಗಿದ್ದ ಬೈಗುಳವನ್ನೆಲ್ಲ ನಾಲಿಗೆ ತುದೀಗೆ ತಂದ್ಕೊಂಡೆ.

"ಸರ್, ಸಣ್ಣ ಕಂಪನಿಗಳ ಸಲಹೆ ಕೇಳ್ತಾ ಇದ್ದೀವಿ. ನಮ್ಮ ಲಾಬಿ ಯಾಕೋ ಖಾಲಿ ಖಾಲಿ ಕಾಣ್ತಿದೆ. ಅಲ್ಲಿ ಏನಿಟ್ರೆ ಚೆನ್ನಾಗಿರುತ್ತೆ?"

ನಾನು ಬೈಯೋಕೆ ಬಾಯಿ ತೆಗೆದೆ. ಭಾಯ್ ಫೋನ್ ಕಿತ್ಕೊಂಡು, "ಬೂದುಗುಂಬಳಕಾಯಿ ಇಡಿ ಸಾರ್" ಅಂದ.

ಮ್ಯಾನೇಜರ್ರು, "ತುಂಬಾ ಹೊಸ ಥರ ಇದೆ. ಒಂದು ತಂದುಕೊಡಿ, ನಮ್ಮ ಟೀಮ್ ನೋಡುತ್ತೆ" ಅಂದ್ರು.