ಒಂದು ಮಾತ್ರೆ ಹೆಚ್ಚಾಗಿ ಹುಟ್ಟಿದ ಕಾರು ಮಾಲೀಕರಿಗೆ

ಗುಂಡ್ಲುಪೇಟೆ,
೨೬ನೇ ಮಾರ್ಚ್ ೧೯೫೯

ಉಡಿಗಾಲ ಗ್ರಾಮದ ಖಾಯಂ ನಿವಾಸಿಗಳೂ, ಒಂದು ಆಸ್ಟಿನ್ ಕಾರಿನ ಏಕಮಾತ್ರ ಒಡೆಯರೂ, ಈವರೆಗೆ ಹುಟ್ಟುವ ಗೋಜಿಗೆ ಹೋಗದವರೂ ಆದ ಶ್ರೀಮಾನ್ ಎನ್. ಕಣ್ಣಪ್ಪನವರ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲು ತಮ್ಮ ಕ್ಷೇಮವನ್ನು ವಿಚಾರಿಸಬೇಕಾದ್ದು ಪತ್ರದ ಮರ್ಯಾದೆ. ಆದರೆ ಇಲ್ಲದವರ ಆರೋಗ್ಯಕ್ಕೆ ಕುಂದು ಬರುವಂತಿಲ್ಲವಾದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಮುಖ್ಯೋಪಾಧ್ಯಾಯಿನಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದವಳು, ವಯಸ್ಸು ನಲವತ್ತೆಂಟು, ಮದುವೆಯಾಗಿಲ್ಲ. ಕೊನೆಯ ಸಂಗತಿಯನ್ನು ನಾನಾಗಿ ಎಲ್ಲಿಯೂ ಹೇಳುವುದಿಲ್ಲ, ಅದನ್ನು ಹೇಳುವ ಕೆಲಸವನ್ನು ಊರಿನವರೇ ವಹಿಸಿಕೊಂಡಿದ್ದಾರೆ. ಆದರೆ ಈ ಪತ್ರ ಮುಗಿಯುವುದರೊಳಗೆ ಅದು ತಮಗೂ ಸಂಬಂಧಪಟ್ಟ ವಿಷಯವಾಗಲಿರುವುದರಿಂದ ಮೊದಲೇ ಅರಿಕೆ ಮಾಡಿಕೊಂಡಿದ್ದೇನೆ.

ತಮ್ಮ ಕಾರನ್ನು ನಾನು ಕಳೆದ ಜನವರಿಯಲ್ಲಿ ಕೊಂಡೆ. ಅದು ತಮ್ಮದೆಂದು ನನಗೆ ಆಗ ತಿಳಿದಿರಲಿಲ್ಲ. ಮಾರಿದವರು ಉಡಿಗಾಲದ ಶಾಂತಮಲ್ಲಮ್ಮನವರು. ಅವರ ಯಜಮಾನರಾದ ಗಂಗಾಧರಸ್ವಾಮಿಯವರು ಎರಡು ವರ್ಷದ ಹಿಂದೆ ಊಟಿಯಿಂದ ಅದನ್ನು ತಂದು, ಮನಸಾರೆ ಓಡಿಸಿ, ಹೋದ ಕಾರ್ತಿಕದಲ್ಲಿ ಲಿಂಗೈಕ್ಯರಾದರು. ಒಂಟಿ ಹೆಂಗಸಿಗೆ ಕಾರು ಏತಕ್ಕೆ ಎಂದು ಊರಿನ ಹಿರಿಯರು ಶಾಂತಮಲ್ಲಮ್ಮನವರಿಗೆ ಬುದ್ಧಿ ಹೇಳಿದ್ದರಿಂದ ಅವರು ಮಾರಿದರು. ಅದೇ ಬುದ್ಧಿಯನ್ನು ನನಗೂ ಹೇಳಿದ್ದರಿಂದ ನಾನು ಕೊಂಡೆ. ಗಾಡಿ ನಡೆಸಲು ನನಗೆ ಬರುತ್ತದೆ, ಲೈಸೆನ್ಸೂ ಇದೆ. ಪೇಟೆಯ ಹೋಟೆಲಿನ ಮುಂದೆ ನಾನು ಗೇರು ಬದಲಾಯಿಸುವಾಗ ಕಾಫಿ ಲೋಟಗಳು ಬಾಯಿಯವರೆಗೆ ಹೋಗಿ ಅಲ್ಲೇ ನಿಲ್ಲುತ್ತವೆ.

ಕಾರು ಬೇಕಾದದ್ದು ಮೆರೆಯುವುದಕ್ಕಲ್ಲ. ಈ ವರ್ಷ ನಮ್ಮ ಶಾಲೆಯಿಂದ ಏಳು ಜನ ಹುಡುಗಿಯರು ಮಿಡ್ಲ್ ಸ್ಕೂಲು ಮುಗಿಸುವ ಎಲ್.ಎಸ್. ಪರೀಕ್ಷೆಗೆ ಕಟ್ಟಿದ್ದರು. ಪರೀಕ್ಷೆ ನಡೆಯುವುದು ಇಪ್ಪತ್ತು ಮೈಲಿ ದೂರದ ಚಾಮರಾಜನಗರದಲ್ಲಿ. ಬೆಳಗಿನ ಬಸ್ಸಿನಲ್ಲಿ ಈರುಳ್ಳಿ ಮೂಟೆಗೆ ಸಿಕ್ಕುವ ಮರ್ಯಾದೆ ಹೆಣ್ಣುಮಕ್ಕಳಿಗೆ ಸಿಕ್ಕುವುದಿಲ್ಲ. ಈರುಳ್ಳಿ ಮಂಡಿಯ ಮರಿಮಲ್ಲಪ್ಪನವರು ತಮ್ಮ ಮಗಳು ಮಲ್ಲಾಜಮ್ಮನ ವಿಚಾರದಲ್ಲಿ ನನ್ನ ಮುಖಕ್ಕೇ ಹೇಳಿದರು: "ಗಂಡಸ್ರ ಮಧ್ಯ ಬಸ್ಸಲ್ಲಿ ಎಣ್ಮಗಳ ಕಳ್ಸಕಾದದಾ ಮೇಡಮ್ಮೋರೆ? ನೀವೇ ಕಾರಲ್ಲಿ ಕರ್ಕೊಂಡೋಗಿ ಕರ್ಕೊಂಡ್ಬಂದ್ರೆ ಬರೀಲಿ. ಇಲ್ಲಾಂದ್ರೆ ಒಂದ್ ಗಂಡು ನೋಡಿವ್ನಿ, ಉಗಾದಿ ಕಳೀತಲೂ ಮದುವೆ ಮಾಡ್ಬುಡ್ತೀನಿ." ಮಿಕ್ಕ ಆರು ತಂದೆಯರ ಮಾತೂ ಇದೇ, ಗಂಡು ಮಾತ್ರ ಬೇರೆ ಬೇರೆ. ಮಲ್ಲಾಜಮ್ಮ ಶಾಲೆಯ ಗೋಡೆಗೆ ಒರಗಿ ಪದ್ಯವೊಂದನ್ನು ಓದಿದರೆ, ಹಾಜರಿ ಹಾಕುತ್ತಿರುವ ನಾನು ಕೈ ನಿಲ್ಲಿಸಿ ಕೇಳುತ್ತೇನೆ. ಅಂಥ ಹುಡುಗಿಯ ಉಗಾದಿ ಒಂದು ಕಾರಿನ ಮೇಲೆ ನಿಂತಿತ್ತು ಎಂಬುದನ್ನು ತಾವು ಗಮನಿಸಬೇಕು.

ಫೆಬ್ರವರಿ ಮೂರರಂದು ಶಾಂತಮಲ್ಲಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಚಾಮರಾಜನಗರಕ್ಕೆ ಹೋದೆ. ತಿಂಗಳಿಗೊಂದು ಮಂಗಳವಾರ ಮೋಟಾರು ಇನ್‌ಸ್ಪೆಕ್ಟರ್ ವೃಷಭೇಂದ್ರಪ್ಪನವರು ಅಲ್ಲಿಯ ಮುಸಾಫರಿ ಬಂಗಲೆಯಲ್ಲಿ ಕ್ಯಾಂಪು ಹಾಕುತ್ತಾರೆ. ಕಾಗದವನ್ನು ಬಿಡಿಸಿ ನೋಡಿದ ಅವರು, "ಈ ಗಾಡಿ ಗಂಗಾಧರಸ್ವಾಮಿಯವರದಲ್ಲ. ಎನ್. ಕಣ್ಣಪ್ಪನವರದು. ಅವರೆಲ್ಲಿ?" ಎಂದರು. ತಮ್ಮ ಶುಭನಾಮ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ತಮ್ಮನ್ನು ಯಾರೂ ಕಂಡಿರಲಿಲ್ಲ. ಉಡಿಗಾಲದಲ್ಲಿ ಆ ಹೆಸರಿನವರು ಒಬ್ಬರೂ ಇಲ್ಲ. ಮಾಲೀಕರ ಒಪ್ಪಿಗೆಯಿಲ್ಲದೆ ಓಡುತ್ತಿರುವ ಗಾಡಿ ಎಂದು ಬರೆದು, ಮಾಲೀಕರೋ ಅವರ ಮನೆಯವರೋ ಬರುವವರೆಗೆ ಕಾರು ಪೊಲೀಸ್ ಠಾಣೆಯಲ್ಲಿರತಕ್ಕದ್ದು ಎಂದು ಅವರು ಆಜ್ಞೆ ಮಾಡಿದರು. ನಾವಿಬ್ಬರು ಹೆಂಗಸರು ಈರುಳ್ಳಿ ಮೂಟೆಗಳಿಗೆ ನಮಸ್ಕರಿಸಿ ಬಸ್ಸು ಹತ್ತಿದೆವು.

ತಮ್ಮ ಜನನದ ವೃತ್ತಾಂತ ನನಗೆ ತಿಳಿದದ್ದು ಆ ಬಸ್ಸಿನಲ್ಲಿ, ತೆರಕಣಾಂಬಿ ದಾಟುವಾಗ. ತಮಗೂ ತಿಳಿದಿರಲಾರದು, ಆದ್ದರಿಂದ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಮದ್ರಾಸು ಕಡೆಯ ಕಾಗದ ಬಿಟ್ಟು ನಮ್ಮ ರಾಜ್ಯದ ಕಾಗದ ಮಾಡಿಸಲು ಗಂಡಹೆಂಡಿರಿಬ್ಬರೂ ಇದೇ ಬಂಗಲೆಗೆ ಬಂದಿದ್ದರು. ಹೊಸ ಕಾರಿನಿಂದ ಗತ್ತಿನಲ್ಲಿ ಇಳಿಯಲು ಹೋಗಿ ಗಂಗಾಧರಸ್ವಾಮಿಯವರು ಕಾಲು ಮುರಿದುಕೊಂಡಿದ್ದ ದಿನಗಳವು. ಅವರು ಪಟ್ಟಿ ಕಟ್ಟಿಸಿಕೊಂಡು ಬಾಡಿಗೆ ಡ್ರೈವರನ ಪಕ್ಕ ಕಾರಿನಲ್ಲೇ ಕುಳಿತರು, ಅರ್ಜಿ ಹಿಡಿದು ಮೇಜಿನ ಮುಂದೆ ನಿಂತವರು ಶಾಂತಮಲ್ಲಮ್ಮನವರು. ಅರ್ಜಿಯಲ್ಲಿದ್ದ ಯಜಮಾನರ ರುಜು ಎತ್ತಿನ ಕೊಂಬಿನ ಹಾಗಿತ್ತು. ಅದರಲ್ಲಿ ಯಾರ ಹೆಸರನ್ನು ಬೇಕಾದರೂ ಓದಿಕೊಳ್ಳಬಹುದಿತ್ತು. ಗುಮಾಸ್ತರು ವಿಜಾಪುರದ ಕಡೆಯವರು, ರಾಜ್ಯ ಒಂದಾದ ಹೊಸದರಲ್ಲಿ ವರ್ಗವಾಗಿ ಬಂದವರು, ಬಹಳ ಸಜ್ಜನರು. "ಗಾಡಿ ಯಾರದರೀ ಅಕ್ಕಾರ?" ಎಂದು ಕೇಳಿದರು. ಶಾಂತಮಲ್ಲಮ್ಮನವರು ಸೆರಗು ಸರಿಮಾಡಿಕೊಂಡು, "ನಮ್ಮೋರು ಕಣಪ್ಪ" ಎಂದರು. "ಹೆಸರ ಹೇಳ್ರಿ." "ಅದೇ ಏಳ್ತಾವ್ನಲ್ಲ, ನಮ್ಮೋರು ಕಣಪ್ಪ." ಗುಮಾಸ್ತರು, "ಹಾಂ, ಕಣ್ಣಪ್ಪ" ಎಂದು ಬರೆದುಕೊಂಡರು. ಮೈಸೂರು ಸೀಮೆಯವರು ಊರಿನ ಹೆಸರನ್ನು ಮುಂದಕ್ಕೆ ಹಾಕಿಕೊಳ್ಳುತ್ತಾರೆಂದು ಯಾರೋ ಅವರಿಗೆ ಹೇಳಿದ್ದರಂತೆ, ಹೀಗಾಗಿ ನಮ್ಮೋರು ಎಂಬುದು ತಮ್ಮ ಊರಾಗಿ, ಅದರ ಮೊದಲ ಅಕ್ಷರ ಇಂಗ್ಲಿಷಿನಲ್ಲಿ ತಮ್ಮ ನೆತ್ತಿಯ ಮೇಲೆ ಕುಳಿತಿತು. ಕಾಗದ ಇಂಗ್ಲಿಷಿನಲ್ಲಿದ್ದುದರಿಂದ ಗಂಗಾಧರಸ್ವಾಮಿಯವರು ಅದಕ್ಕೆ ವಿಭೂತಿ ಹಚ್ಚಿ ದೇವರ ಮನೆಯಲ್ಲಿಟ್ಟರು. ಓದಲಿಲ್ಲ.

ಛಂದಸ್ಸನ್ನು ಪ್ರೀತಿಯಿಂದ ಓದಿದ ನನಗೆ ಇಲ್ಲಿ ಒಂದು ವಿಷಯ ಹೊಳೆಯಿತು. ಕಣಪ್ಪ ಎಂಬಲ್ಲಿ ನಾಲ್ಕು ಮಾತ್ರೆ. ಕಣ್ಣಪ್ಪ ಎಂಬಲ್ಲಿ ಐದು. ಪದ್ಯದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಲಯ ಕೆಡುತ್ತದೆ, ಅಷ್ಟೇ. ಸರ್ಕಾರಿ ರಿಜಿಸ್ಟರಿನಲ್ಲಿ ಒಂದು ಮಾತ್ರೆ ಹೆಚ್ಚಾದರೆ ಒಬ್ಬ ಮನುಷ್ಯ ಹುಟ್ಟುತ್ತಾನೆ, ಹುಟ್ಟುವಾಗಲೇ ಅವನಿಗೊಂದು ಕಾರೂ ಇರುತ್ತದೆ. ಇಂಥ ಸೃಷ್ಟಿಶಕ್ತಿ ಯಾವ ಕವಿಗೂ ಇರಲಿಲ್ಲ. ತಮ್ಮಂಥ ಮಾಲೀಕರೂ ಲೋಕದಲ್ಲಿ ಅಪರೂಪ: ಕಾರನ್ನು ಒಂದು ದಿನವೂ ಹತ್ತಲಿಲ್ಲ, ಹಾರನ್ ಬಾರಿಸಿ ಯಾರ ನೆಮ್ಮದಿಯನ್ನೂ ಕೆಡಿಸಲಿಲ್ಲ, ನೆಂಟರನ್ನು ತುಂಬಿಕೊಂಡು ಬಂಡೀಪುರಕ್ಕೆ ಆನೆ ತೋರಿಸಲು ಹೋಗಲಿಲ್ಲ. ತಮ್ಮ ಒಂದು ರುಜು ಸಿಕ್ಕಿದ್ದರೆ ನಾನು ತಮ್ಮ ಫೋಟೋವನ್ನು ಶಾಲೆಯಲ್ಲಿ ತೂಗುಹಾಕುತ್ತಿದ್ದೆ.

ರುಜು ಸಿಕ್ಕದಿದ್ದರೆ ಬೇರೆ ದಾರಿಯುಂಟೇ ಎಂದು ಇನ್‌ಸ್ಪೆಕ್ಟರನ್ನು ಕೇಳಿದ್ದೆ. ಕಣ್ಣಪ್ಪನವರು ತೀರಿಕೊಂಡಿದ್ದರೆ ಮರಣದ ದಾಖಲೆ ತಂದರೂ ಸಾಕು ಎಂದರು. ಆದ್ದರಿಂದ ಮಾನ್ಯರಲ್ಲಿ ನನ್ನ ಮೊದಲ ಪ್ರಾರ್ಥನೆ ಹೀಗಿತ್ತು: ತಾವು ಸಾವಕಾಶ ಮಾಡದೆ ಒಮ್ಮೆ ಹುಟ್ಟಿ, ಉಡಿಗಾಲದ ಶ್ಯಾನುಭೋಗರ ಎದುರಿಗೆ ಕಾಣಿಸಿಕೊಂಡು, ಅಲ್ಲಿಯೇ ಲಿಂಗೈಕ್ಯರಾಗಿ ಉಪಕರಿಸಬೇಕು, ಮಾರ್ಚ್ ಹದಿನಾರರ ಪರೀಕ್ಷೆಗೆ ಮುಂಚೆ ಆದರೆ ಒಳ್ಳೆಯದು. ತಮ್ಮ ಕಡೆಯಿಂದ ಉತ್ತರ ಬರಲಿಲ್ಲ. ತಾವು ಸರ್ಕಾರದ ಸೃಷ್ಟಿಯಾದ್ದರಿಂದ ನಾನು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ಕಣ್ಣಪ್ಪ ಎಂದು ಬರೆದಿರುವುದು ಗಂಗಾಧರಸ್ವಾಮಿಯವರನ್ನೇ ಎಂದು ಶಾಂತಮಲ್ಲಮ್ಮನವರು ಹೇಳಿಕೆ ಕೊಡಬೇಕು. ಫೆಬ್ರವರಿಯ ಕ್ಯಾಂಪಿನಲ್ಲೇ ವೃಷಭೇಂದ್ರಪ್ಪನವರು ಅವರನ್ನು ಕೇಳಿದ್ದರು: "ನಿಮ್ಮ ಯಜಮಾನರ ಹೆಸರು ಕಣ್ಣಪ್ಪನಾ?" "ಅಲ್ಲ ಸಾಮಿ." ಅದನ್ನು ಬರೆದುಕೊಂಡು, "ಮತ್ತೇನು?" "ಅದ ಬಾಯಲ್ಲಿ ಎಂಗೆ ಏಳಾನ ಸಾಮಿ?" ಗಂಡನ ಹೆಸರು ಯಾವುದಲ್ಲ ಎಂದು ಅವರು ದಿನವಿಡೀ ಹೇಳಬಲ್ಲರು. ಯಾವುದು ಎಂದು ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಹೇಳಿಲ್ಲ; ಅವರು ಹೋದ ಮೇಲೂ ಹೇಳುವುದಿಲ್ಲ. ನಾನು ಬಲವಂತ ಮಾಡಲಿಲ್ಲ. ಹೇಳಬಾರದಾದರೆ ಬರೆಯಬಹುದಲ್ಲ ಎಂದೆ. ಬರೆಯಬಾರದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬರೆಯಲು ಬಾರದವರಿಗೆ ಅದನ್ನು ಏಕೆ ಹೇಳಿಕೊಡುತ್ತಾರೆ?

ಅಂದಿನಿಂದ ಒಂದು ತಿಂಗಳು ಅವರು ಗುಂಡ್ಲುಪೇಟೆಯ ತಮ್ಮ ತಂಗಿಯ ಮನೆಯಲ್ಲಿ ಉಳಿದುಕೊಂಡು, ಮಧ್ಯಾಹ್ನ ನಮ್ಮ ಶಾಲೆಗೆ ಬಂದು ಒಂದನೆಯ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತರು. ಆರೇ ಅಕ್ಷರ ಕಲಿಯಬೇಕಿತ್ತು. ಗಂ ಎರಡು ದಿನ ತೆಗೆದುಕೊಂಡಿತು, ಸ್ವಾ ಒಂದು ವಾರ. ಆರೂ ಕೂಡಿ ಹೆಸರಾದ ದಿನ ಅವರು ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಒರಸಿ ಇನ್ನೊಂದು ಸಲ ಬರೀರಿ" ಎಂದೆ. "ಇದ ಒರಸದು ಎಂಗವ್ವ," ಎಂದರು. ಶಾಲೆಯ ದಾಸ್ತಾನಿನಿಂದ ಆ ಸ್ಲೇಟನ್ನು ನಾನು ಒಡೆದುಹೋಯಿತೆಂದು ತೆಗೆದುಹಾಕಿದ್ದೇನೆ. ಅದು ಈಗ ಉಡಿಗಾಲದ ಒಂದು ದೇವರ ಮನೆಯಲ್ಲಿದೆ.

ಮಾರ್ಚ್ ಮೂರರಂದು ಅವರು ಇನ್‌ಸ್ಪೆಕ್ಟರ ಎದುರಿಗೆ, ಕಾಗದದ ಮೇಲೆ, ನಾಲಗೆ ಕಚ್ಚಿಕೊಂಡು ಆ ಆರು ಅಕ್ಷರ ಬರೆದರು. ವೃಷಭೇಂದ್ರಪ್ಪನವರು ಎದ್ದು ನಿಂತು ಅದನ್ನು ತೆಗೆದುಕೊಂಡರು ಎಂಬುದನ್ನು ನಾನು ಮುಚ್ಚಿಡಲಾರೆ. ಕುಳಿತ ಮೇಲೆ ಮಾತ್ರ, ಕಡತ ಮೈಸೂರಿಗೆ ಹೋಗಬೇಕು, ಮೂರು ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ರಿಜಿಸ್ಟರಿನಲ್ಲಿ ಕಣ್ಣಪ್ಪನವರೇ ಮಾಲೀಕರು ಎಂದರು. ಪರೀಕ್ಷೆಗೆ ಹದಿಮೂರು ದಿನ ಇತ್ತು.

ಹದಿನಾಲ್ಕನೇ ತಾರೀಖು ಶನಿವಾರ ಮಲ್ಲಾಜಮ್ಮ ತನ್ನ ಪದ್ಯದ ಪುಸ್ತಕವನ್ನು ನನಗೆ ಹಿಂದಿರುಗಿಸಲು ಬಂದಳು. ಇನ್ನು ಬೇಡ ಎಂದು ಅಪ್ಪ ಹೇಳಿದ್ದಾರಂತೆ. ನಾನು ಪುಸ್ತಕ ತೆಗೆದುಕೊಳ್ಳದೆ ಬೀಗದ ಕೈ ಹುಡುಕುವವಳ ಹಾಗೆ ಒಳಗೆ ಹೋದೆ. ಆರು ಅಕ್ಷರ ಮುಗಿದ ಮೇಲೂ ಬರುವುದನ್ನು ಬಿಡದೆ ಅಲ್ಲಿ ಕುಳಿತಿದ್ದ ಶಾಂತಮಲ್ಲಮ್ಮನವರು ನನ್ನ ಮುಖ ನೋಡಿ, "ನಾ ಟೇಸನ್ನಿಗೋದ್ರೆ ಆಗಕಿಲ್ಲ, ಅವ ನಮ್ಮೋರಲ್ಲ ಅಂತ ಬರುಸ್ಬುಟ್ಟಿವ್ನಿ," ಎಂದು ಸ್ವಲ್ಪ ಯೋಚಿಸಿ, "ನೀವೋಗಿ ಮೇಡಮ್ಮೋರೆ. ಸೆರಗೊದ್ಕೊಂಡು ಸುಮ್ನೆ ತಲೆ ತಗ್ಸಿ. ಮಿಕ್ಕಿದ್ದ ಅವರೇ ಏಳ್ಕತಾರೆ," ಎಂದರು.

ಚಾಮರಾಜನಗರದ ಠಾಣೆಯಲ್ಲಿ ಅಂದು ಇದ್ದವರು ಹೆಡ್ ಕಾನ್‌ಸ್ಟೇಬಲ್ ಚಿಕ್ಕಯ್ಯನವರು, ನನ್ನನ್ನು ಹಿಂದೆ ಕಂಡವರಲ್ಲ. ಹುಣಸೆಮರದ ಕೆಳಗೆ ತಮ್ಮ ಕಾರು ಎಲೆ ಹೊದ್ದು ನಿಂತಿತ್ತು, ಮುಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕುಳಿತಿತ್ತು. "ಯಾರ್ದವ್ವಾ ಗಾಡಿ?" ಎಂದು ಚಿಕ್ಕಯ್ಯನವರು ಕೇಳಿದರು. ಇಪ್ಪತ್ತೈದು ವರ್ಷ ಪಾಠ ಹೇಳಿದ ಗಂಟಲನ್ನು ಸಾಧ್ಯವಾದಷ್ಟು ಸಣ್ಣದು ಮಾಡಿಕೊಂಡು, ನೆಲ ನೋಡುತ್ತ, "ನಮ್ಮೋರ್ದು ಕಣಪ್ಪ" ಎಂದೆ. ಅವರು ಕಾಗದ ನೋಡಿದರು. "ನಿಮ್ಮೋರೆಸ್ರು ಕಣ್ಣಪ್ಪ ಅಂತಾನಾ?" ನಾನು ತಲೆಯನ್ನು ಇನ್ನೊಂದು ಅಂಗುಲ ತಗ್ಗಿಸಿದೆ. ಚಿಕ್ಕಯ್ಯನವರು ನಾಚಿಕೊಂಡರು. "ಬುಡಿ ಬುಡಿ, ಅದೆಂಗೆ ಏಳೀರಿ ಪಾಪ. ಯಜಮಾನ್ರು ಬರ್ನಿಲ್ವಾ?" "ಅವರು ಎಲ್ಲೂ ಬರೋದಿಲ್ಲ" ಎಂದೆ, ಅದು ಅಪ್ಪಟ ಸತ್ಯ. ಮಾಲೀಕರ ಮನೆಯವರು ಬಂದರು ಎಂದು ಬರೆದು, ಕೋಳಿಯನ್ನು ಎತ್ತಿಕೊಂಡು, ಬೀಗದ ಕೈಯನ್ನು ನನ್ನ ಕೈಗೆ ಹಾಕಿದರು.

ನಾನು ಸುಳ್ಳು ಹೇಳಿದೆನೆಂದು ಯಾರೂ ಅನ್ನಬಾರದು. ನಾನು ಹೇಳಿದ್ದು ನಾಲ್ಕೇ ಮಾತ್ರೆ. ಐದನೆಯದು ಮೊದಲಿನಿಂದಲೂ ಸರ್ಕಾರದ್ದು.

ಹದಿನಾರನೇ ತಾರೀಖು ಹಿಂದೆ ಐದು, ಮುಂದೆ ಎರಡು ಜಡೆಗಳನ್ನು ತುಂಬಿಕೊಂಡು ತಮ್ಮ ಕಾರು ಹೊರಟಿತು, ಮೊನ್ನೆ ಕೊನೆಯ ಪರೀಕ್ಷೆಯವರೆಗೂ ಒಂದು ದಿನವೂ ಕೆಡಲಿಲ್ಲ. ಕಿಟಕಿಯ ಹೊರಗೆ ನಿಂತು ನಾನು ಏಳು ಜನರೂ ಉತ್ತರಪತ್ರಿಕೆಯ ಮೇಲೆ ತಮ್ಮ ತಮ್ಮ ಹೆಸರು ಬರೆಯುವುದನ್ನು ನೋಡಿದೆ. ಮಲ್ಲಾಜಮ್ಮ ಒತ್ತಕ್ಷರವನ್ನು ತಪ್ಪದೆ ಹಾಕಿದಳು. ಗಂಡಿನ ಕಡೆಯವರಿಗೆ ಫಲಿತಾಂಶ ಬರುವವರೆಗೆ ಕಾಯಲು ಮರಿಮಲ್ಲಪ್ಪನವರು ಹೇಳಿಕಳಿಸಿದ್ದಾರೆ. ಪಾಸಾದ ಹುಡುಗಿಗೆ ಇನ್ನೂ ಒಳ್ಳೆಯ ಗಂಡು ಸಿಕ್ಕಬಹುದೆಂಬುದು ಅವರ ಲೆಕ್ಕ. ಹೈಸ್ಕೂಲಿಗೂ ಕಾರಿದೆ ಎಂದು ನಾನು ಅವರಿಗೆ ಇನ್ನೂ ಹೇಳಿಲ್ಲ.

ಇನ್ನು ತಮ್ಮಲ್ಲಿ ಒಂದೇ ಕೋರಿಕೆ. ಮೊದಲು ಹುಟ್ಟಬೇಕೆಂದು ಕೇಳಿದ್ದೆನಲ್ಲ, ಅದನ್ನು ದಯಮಾಡಿ ಮರೆತುಬಿಡಬೇಕು. ಪೊಲೀಸ್ ದಾಖಲೆಯ ಪ್ರಕಾರ ನಾವು ಈಗ ಸಂಸಾರಸ್ಥರು, ಇದುವರೆಗೆ ನಮ್ಮಲ್ಲಿ ಒಂದು ಜಗಳವೂ ಆಗಿಲ್ಲ. ತಾವು ಹುಟ್ಟಿ ಬಂದರೆ ಆ ಮಾತು ಉಳಿಯುವುದಿಲ್ಲ.

ರಿಜಿಸ್ಟರು ತಿದ್ದುವ ದಿನದವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಪುಟ್ಟಸಿದ್ದಮ್ಮ, ಎಂ.ಎ.

ಮರೆತ ಮಾತು: ಜೂನ್ ತಿಂಗಳಲ್ಲಿ ಮೈಸೂರಿನಿಂದ ಕಡತ ಬಂದೊಡನೆ ತಮ್ಮ ಹೆಸರನ್ನು ಹೊಡೆದುಹಾಕುತ್ತಾರೆ, ನಾನು ಮದುವೆಯ ಊಟವನ್ನೂ ಕಾಣದೆ ವಿಧವೆಯಾಗುತ್ತೇನೆ. ಮಲ್ಲಿಗೆ ಮುಡಿಯುವುದನ್ನು ನಾನು ಬಿಡುವುದಿಲ್ಲವೆಂದು ಈಗಲೇ ತಿಳಿಸಿರುತ್ತೇನೆ. ತಮ್ಮ ಹೆಸರನ್ನು ಒಂದು ಸ್ಲೇಟಿನ ಮೇಲೆ ಬರೆದಿಟ್ಟುಕೊಂಡಿದ್ದೇನೆ. ಶಾಂತಮಲ್ಲಮ್ಮನವರಿಗೆ ಬಂದ ಕಷ್ಟ ನನಗೆ ಬರಲಾರದು, ಒದ್ದೆ ಬಟ್ಟೆ ಪಕ್ಕದಲ್ಲೇ ಇದೆ.